ತೆಂಗು ತೆಗೆದು ಉಳಿಸಿದ ಹಕ್ಕಿ

ಬ್ಲೈತನ ಜೊಂಡು ಉಲಿಯಕ್ಕಿಯನ್ನು ಅದರ ನಂಟರಿಂದ ಬೇರ್ಪಡಿಸಲು ಹುಬ್ಬಿನ ಗೆರೆ ಸಾಕೇ ಎಂದು ಈ ವಾರ ಬರೆಯಬೇಕಿತ್ತು. ಗೆರೆ ಮುಂದಿನ ವಾರಕ್ಕಿರಲಿ, ಈಗ ತೆಂಗಿನ ಮಾತು.

ಅರಸೀಕೆರೆಯ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲ ಪಕ್ಕದ ಕುರುಚಲಿನಲ್ಲಿ ಈ ಹಕ್ಕಿ ಚಳಿಗಾಲವಿಡೀ 'ಚೆಕ್, ಚೆಕ್' ಎನ್ನುತ್ತಿರುತ್ತದೆ. ಪೊದೆಯೊಳಗೆ ಒಂದು ಕಡ್ಡಿ ಅಲುಗುತ್ತದೆ, ಮಣ್ಣುಬಣ್ಣದ ಬೆನ್ನು ಕಾಣುತ್ತದೆ, ಬಾಲ ಕೊಡವಿ ಮತ್ತೆ ಒಳಗೆ. ಆಷಾಢದ ಜಾತ್ರೆಗಷ್ಟೇ ಬರುವವರಿಗೆ ಅದು ಸಿಗದು, ಆಗ ಅದು ಮಧ್ಯ ಏಷ್ಯಾದ ಕಡೆ ಮರಿ ಮಾಡುತ್ತಿರುತ್ತದೆ.

ಇದರ ಕುಲಬಾಂಧವ ಸೀಶೆಲ್ಸ್ ಉಲಿಯಕ್ಕಿ. 1960ರ ದಶಕದಲ್ಲಿ ಇಡೀ ಜಗತ್ತಿನಲ್ಲಿ ಅವು ಉಳಿದಿದ್ದು ಮೂವತ್ತಕ್ಕಿಂತ ಕಡಿಮೆ, ಅದೂ ಕಸಿನ್ ಎಂಬ ಒಂದೇ ಪುಟ್ಟ ದ್ವೀಪದಲ್ಲಿ. ದ್ವೀಪದ ತುಂಬ ತೆಂಗಿನ ತೋಟ. 1968ರಲ್ಲಿ ಪಕ್ಷಿಸಂರಕ್ಷಕರು ದ್ವೀಪವನ್ನೇ ಕೊಂಡು, ತೆಂಗನ್ನು ಹಿಂದೆ ಸರಿಸಿ ನಾಡಮರಗಳು ಮೇಲೇಳಲು ಬಿಟ್ಟರು. ಹಕ್ಕಿ ಕೆಲವು ನೂರಕ್ಕೇರಿತು. 1988ರಲ್ಲಿ 29 ಹಕ್ಕಿಗಳನ್ನು ಅರೀಡ್ ದ್ವೀಪಕ್ಕೆ ಸಾಗಿಸಿದರು, ಆಮೇಲೆ ಇನ್ನೂ ಕೆಲವು ದ್ವೀಪಗಳಿಗೆ. ಈಗ ಸಾವಿರಗಳ ಲೆಕ್ಕ. ಇವುಗಳಲ್ಲಿ ಮೊದಲು ಹುಟ್ಟಿದ ಮಕ್ಕಳು ತಾಯ್ತಂದೆಯ ಜೊತೆ ನಿಂತು ತಮ್ಮ-ತಂಗಿಯರಿಗೆ ಹುಳು ಉಣಿಸುತ್ತವೆ. ಹುಳು ಸಮೃದ್ಧವಾಗಿರುವ ಜಾಗದ ತಾಯಿ ಹೆಚ್ಚಾಗಿ ಹೆಣ್ಣನ್ನೇ ಹಡೆಯುತ್ತದೆ, ಮನೆಗೆಲಸಕ್ಕೆ ಒದಗುವುದು ಹೆಣ್ಣುಮಕ್ಕಳೇ ತಾನೆ!

ಅದೇ ಸೀಶೆಲ್ಸ್‌ನ ಅಲ್ಡಾಬ್ರದಲ್ಲಿ ಇನ್ನೊಂದು ಕಂದು ಉಲಿಯಕ್ಕಿಯಿತ್ತು. ವಿಜ್ಞಾನಕ್ಕೆ ಪರಿಚಯವಾದದ್ದು 1967ರಲ್ಲಿ, ಕೊನೆಯ ಬಾರಿ ಕಂಡದ್ದು 1983ರಲ್ಲಿ. ಅದರ ಲೋಕವೆಂದರೆ ಕಡಲಂಚಿನ ಹತ್ತು ಹೆಕ್ಟೇರ್‌ನಷ್ಟು ಪೊದೆ. ಜನ ತಂದುಬಿಟ್ಟ ಇಲಿ ಗೂಡಿಗೆ ನುಗ್ಗಿತು, ಮೇಕೆ ಪೊದೆ ಮೇಯಿತು. ಹುಡುಕಿ ಬಂದವರಿಗೆ ಅದರ ಬದುಕನ್ನು ಬರೆದುಕೊಳ್ಳುವಷ್ಟೂ ಪುರುಸೊತ್ತು ಸಿಗಲಿಲ್ಲ.

ಈ ಕಥೆಯನ್ನು ವನಮಹೋತ್ಸವದ ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಅವರ ಕಣ್ಣಿಗೆ ಕುರುಚಲು ಎಂದರೆ ಖಾಲಿ ಜಾಗ. ಜೂನ್ ಬಂತೆಂದರೆ ಜಾಲಿ, ಕಾರೆ, ಲಂಟಾನ ಸವರಿ, ಗುಂಡಿ ತೋಡಿ ಸಸಿ ನೆಟ್ಟು, ಫೋಟೋ ಹೊಡೆಸಿಕೊಳ್ಳುತ್ತಾರೆ. ಲಂಟಾನದ ಮೇಲೆ ನನಗೂ ಪ್ರೀತಿಯಿಲ್ಲ, ಆದರೆ ಅದರ ನೆಪದಲ್ಲಿ ಕಾರೆಯೂ ಹೋಗುತ್ತದೆ. ಬೇಸಿಗೆಗೆ ಸಸಿಯೂ ಇಲ್ಲ, ಪೊದೆಯೂ ಇಲ್ಲ.

ಕೊಬ್ಬರಿ ಮಾರುಕಟ್ಟೆಯ ಅರಸೀಕೆರೆಯಲ್ಲಿ ಕೂತು, ಹಕ್ಕಿಗಾಗಿ ತೆಂಗು ತೆಗೆಯಿರಿ ಎನ್ನುವಷ್ಟು ಎದೆಗಾರಿಕೆ ನನಗಿಲ್ಲ. ಬೆಟ್ಟದ ಬುಡಕ್ಕೆ ಮಚ್ಚು ತರಬೇಡಿ ಎನ್ನುತ್ತೇನೆ, ಅಷ್ಟೆ.