ನಿತ್ಯೋತ್ಸವದಾಚೆಯ ನಿಸಾರ್

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂಬ ಹೆಸರು ಅದಕ್ಕಿದೆ. ಜೋಗದಿಂದ ಶುರುವಾಗುವ ಅದರ ಶೀರ್ಷಿಕೆ ಗೀತೆಯಿಲ್ಲದೆ ಇಂದಿಗೂ ರಾಜ್ಯೋತ್ಸವ ಕಳೆಗಟ್ಟುವುದಿಲ್ಲ. ಹಾಡು ಚೆಲುವಾದದ್ದೇ. ಆದರೂ ನಮಗೆ ಅದೇ ಕವಿಯ ‘ಮತ್ತದೇ ಬೇಸರ’ ಹೆಚ್ಚು ಪ್ರಿಯ. ಉರ್ದು ಗಜಲುಗಳಲ್ಲಿ ನಾವು ಕೇಳುತ್ತಾ ಬಂದ ‘ತನ್‌ಹಾಯಿ’ಗೆ ಕನ್ನಡದ ಸಂಜೆಯೊಂದು ಸಿಕ್ಕಿದ್ದು ಅಲ್ಲಿ, ಅವಸರವಿಲ್ಲದ ಅದರ ನಡಿಗೆಗೆ ಮತ್ತೆ ಮತ್ತೆ ಮರಳುತ್ತೇವೆ.

ನಮ್ಮ ತಕರಾರಿರುವುದು ವೇದಿಕೆಗಳ ಮೇಲೆ. ಜೋಗವನ್ನು ಹಾಡಿದ ಮುಸ್ಲಿಂ ಕವಿಯೆಂದು ನಿಸಾರರನ್ನು ಕೊಂಡಾಡುವವರು, ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಬರೆದವರೂ ಅವರೇ ಎಂಬುದನ್ನು ನೆನೆಯುವುದು ಅಪರೂಪ. ಆ ಕವಿತೆಯ ಕಸಿವಿಸಿ ಚಪ್ಪಾಳೆಗೆ ಒಗ್ಗುವುದಿಲ್ಲವಲ್ಲ! 2020ರ ಮೇ 3ರಂದು ಅವರು ತೀರಿಕೊಂಡಾಗಲೂ ನಮ್ಮ ಕಿವಿಗೆ ಹೆಚ್ಚು ಬಿದ್ದದ್ದು ಜೋಗದ ಹಾಡೇ.