ಮಾಸಿದ ಡಯಲಿನ ಪೈಲಟ್

ಕಪ್ಪು ಡಯಲು, ಬಿಳಿ ಅಂಕಿ, ಸುಮಾರು 35 ಮಿಲಿಮೀಟರ್ ಅಗಲ. ಎಚ್‌ಎಂಟಿ ಪೈಲಟ್ ವಾಚು ಎಂದರೆ ಇಷ್ಟೇ. ಕಾಲೇಜು ಹುಡುಗನ ಸಣ್ಣ ಮಣಿಕಟ್ಟಿಗೂ ಒಪ್ಪುತ್ತದೆ, ತೋಟದ ಕೆಲಸದಲ್ಲಿ ಗಟ್ಟಿಯಾದ ಕೈಗೂ ಒಪ್ಪುತ್ತದೆ. ಅಂಗಿಯ ತೋಳಿಗೆ ಸಿಕ್ಕಿಕೊಳ್ಳುವುದಿಲ್ಲ. ಸ್ವಿಟ್ಜರ್ಲೆಂಡಿನ ಟ್ಯೂಡರ್ ಕಂಪನಿ 2018ರಲ್ಲಿ ತನ್ನ 1958ರ ಡೈವಿಂಗ್ ವಾಚಿನ ನೆನಪಿಗೆ 39 ಮಿಲಿಮೀಟರಿನ ವಾಚೊಂದನ್ನು ತಂದಾಗ, ಚಿಕ್ಕ ವಾಚಿನ ಚೆಂದವನ್ನು ಎಲ್ಲರೂ ಹಾಡಿ ಹೊಗಳಿದರು. ಅದಕ್ಕಿಂತ ಚಿಕ್ಕದು, ಅಷ್ಟೇ ಗಟ್ಟಿಯಾದ ನೋಟದ್ದು, ನಮ್ಮ ಮನೆಗಳ ಪೆಟ್ಟಿಗೆಯಲ್ಲೇ ಇತ್ತು.

ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡತೊಡಗಿದ್ದು 1961ರಲ್ಲಿ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಹಾಗಾಗಿ ಹಳೆಯ ಪೈಲಟ್ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ. ನನ್ನ ತಕರಾರು ಇರುವುದು ಆ ಪೇಟೆಯ ಬಗ್ಗೆ, ವಾಚಿನ ಬಗ್ಗೆ ಅಲ್ಲ.

ಅಲ್ಲಿ ಬೆಲೆ ಹೊಳಪಿಗೆ. ಮಾಸಿದ ಡಯಲನ್ನು ಕಿತ್ತು ಹೊಸ ಬಣ್ಣ ಬಳಿಯುತ್ತಾರೆ, ಮೂಲದಲ್ಲಿ ಇಲ್ಲದ ಕೆಂಪು, ನೀಲಿ, ಹಸಿರು ಡಯಲುಗಳನ್ನು ಕೂರಿಸುತ್ತಾರೆ, ಒಂದರ ಮುಳ್ಳು ಇನ್ನೊಂದಕ್ಕೆ ಹಾಕುತ್ತಾರೆ. ಫೋಟೊದಲ್ಲಿ ಎಲ್ಲವೂ ಹೊಸತು. ನಾನೂ ಅಂಥದ್ದೊಂದನ್ನು ತರಿಸಿಕೊಂಡೆ. ಕೊಡಗಿನ ಪೊನ್ನಂಪೇಟೆಯ ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಇಟ್ಟು ಒಂದೇ ನಿಮಿಷ ನೋಡಿದರು. "ಇದು ಬಣ್ಣ ಹೊಡೆದದ್ದು ಸಾರ್, ಅಕ್ಷರ ನೋಡಿ" ಎಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಪೈಲಟ್ ಎಂಬ ಅಕ್ಷರಗಳ ಅಂಚು ಮಸಿ ಹರಡಿದಂತೆ ಊದಿಕೊಂಡಿತ್ತು. ಆರರ ಅಂಕಿಯ ಬಿಳಿ ಬಣ್ಣ ಪಕ್ಕದ ನಿಮಿಷದ ಗೆರೆಯನ್ನು ಅರ್ಧ ನುಂಗಿತ್ತು. ಕಾರ್ಖಾನೆಯ ಅಚ್ಚು ಹಾಗಿರುವುದಿಲ್ಲ. ಎಷ್ಟು ಮಾಸಿದರೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ.

ಒಳಗಿನ ಯಂತ್ರ ಮಾತ್ರ ಒಳ್ಳೆಯದಿತ್ತು. ಹದಿನೇಳು ಕಲ್ಲುಗಳ, ಕೀ ಕೊಡುವ ಯಂತ್ರ. ಸೆಕೆಂಡಿಗೆ ಐದು ಬಡಿತ. ಬ್ಯಾಟರಿ ಬೇಡ. ದಿನಾ ಬೆಳಿಗ್ಗೆ ಕಾಫಿ ಕುದಿಯುವಷ್ಟರಲ್ಲಿ ಕೀ ಕೊಟ್ಟರೆ ಮರುದಿನದವರೆಗೆ ಚಿಂತೆಯಿಲ್ಲ. ಎಣ್ಣೆ ಒಣಗಿದ್ದರೆ ಬಿಚ್ಚಿ ತೊಳೆದು ಎಣ್ಣೆ ಹಾಕಬಲ್ಲ ಕೈಗಳು ಸಣ್ಣ ಊರುಗಳಲ್ಲೂ ಇನ್ನೂ ಇವೆ. ದುಬಾರಿ ವಿದೇಶಿ ವಾಚಿಗೆ ಈ ಅನುಕೂಲ ಇಲ್ಲಿ ಸಿಗುವುದಿಲ್ಲ.

ದೋಷವನ್ನೂ ಹೇಳಬೇಕು. ನೋಟ ಆಟೋಟದ ವಾಚಿನದ್ದಾದರೂ ಇದು ನೀರು ತಡೆಯುವುದಿಲ್ಲ. ಕೊಡಗಿನ ಜೂನ್, ಜುಲೈ ಮಳೆಯಲ್ಲಿ ಕಟ್ಟಿಕೊಂಡು ಗದ್ದೆಗೆ ಇಳಿದರೆ ಸಂಜೆಗೆ ಗಾಜಿನ ಒಳಗೆ ಆವಿ ಕೂತಿರುತ್ತದೆ, ಮುಂದಿನ ವರ್ಷ ಮುಳ್ಳಿಗೆ ತುಕ್ಕು. ಮಳೆಗಾಲಕ್ಕೆ ಬೇರೆ ವಾಚು ಇಟ್ಟುಕೊಳ್ಳಿ. ಕಾಫಿ ಕೊಯ್ಲಿನ ಚಳಿಯ ದಿನಗಳಿಗೆ, ಹಾಕಿ ಪಂದ್ಯ ನೋಡುತ್ತ ಕೂರುವ ಬೇಸಿಗೆಗೆ ಪೈಲಟ್‌ಗಿಂತ ಹಿತವಾದ ವಾಚನ್ನು ನಾನು ಕಟ್ಟಿಲ್ಲ.

ಆಮೇಲೆ ಎರಡನೆಯದನ್ನು ಕೊಂಡೆ. ಗಾಜಿನ ತುಂಬ ಗೀರು, ಅಂಕಿಗಳು ಹಳದಿ, ಡಯಲಿನ ಅಂಚಿನಲ್ಲಿ ಒಂದು ಕಲೆ. ಪ್ಲಾಸ್ಟಿಕ್ ಗಾಜಾದ್ದರಿಂದ ಉಜ್ಜಿದಾಗ ಗೀರು ಹೋಯಿತು. ಕಲೆಯನ್ನು ಹಾಗೇ ಬಿಟ್ಟೆ. ಯಾರದೋ ಕೈಯಲ್ಲಿ ಎಷ್ಟೋ ಮಳೆಗಾಲ ಕಂಡ ಡಯಲು ಅದು. ಅಳಿಸಿದರೆ ಮತ್ತೆ ಬರುವುದಿಲ್ಲ.

ಕೊಳ್ಳುವವರು ಹೊಳೆಯುವ ಫೋಟೊಗೆ ದುಡ್ಡು ಕಳಿಸಬೇಡಿ. ಹಿಂದಿನ ಮುಚ್ಚಳ ತೆಗೆದ ಚಿತ್ರ ಕೇಳಿ, ಅಕ್ಷರಗಳ ಹತ್ತಿರದ ಚಿತ್ರ ಕೇಳಿ, ಮಾಸಿದ್ದನ್ನೇ ಆರಿಸಿ. ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಅಜ್ಜನ ವಾಚಿದ್ದರೆ ಎಣ್ಣೆ ಹಾಕಿಸಿ, ಡಯಲು ಮಾತ್ರ ಮುಟ್ಟಿಸಬೇಡಿ.