ಚಿತ್ರಕಾರನ ವೃತ್ತಿಯೂ ವಸತಿಯೂ: ಹ್ಯೂಸ್ಟನ್ ನಗರದ ಮನೆಸಾಲಿನ ವಿಮರ್ಶೆ

೧

'ವೃತ್ತಿ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢವಾಗಿವೆ. ಒಬ್ಬನು ಮಾಡುವ ಕಸಬು ಒಂದು; ಆ ಕಸಬನ್ನು ನಡೆಯಿಸಿಕೊಂಡು ಬರುವುದಕ್ಕಾಗಿ ಅವನಿಗೆ ಬಿಟ್ಟುಕೊಟ್ಟ ಭೂಮಿ, ಮನೆ ಮುಂತಾದ ಜೀವನಾಧಾರವು ಇನ್ನೊಂದು. ಒಂದೇ ಶಬ್ದವು ಕೆಲಸವನ್ನೂ ಕೆಲಸಗಾರನ ನೆಲೆಯನ್ನೂ ಹೇಳುತ್ತಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ನೆಲೆಯಿಲ್ಲದವನ ಕೆಲಸವು ನಿಲ್ಲದು; ಕೆಲಸದ ಸಂಬಂಧವಿಲ್ಲದೆ ಕೊಟ್ಟ ನೆಲೆಯು ದಾನವೆನಿಸುವುದಲ್ಲದೆ ವೃತ್ತಿಯೆನಿಸದು. ಕೆಲಸವನ್ನು ಅಳೆದು ಕೂಲಿಯಾಗಿ ಕೊಟ್ಟುದಾದರೆ ಅದು ವೇತನವು. ದಾನ, ವೇತನ, ವೃತ್ತಿ ಎಂಬ ಈ ಮೂರರ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕಲಾವಿದರ ಪೋಷಣೆಯನ್ನು ಕುರಿತು ಮಾತನಾಡುವುದು ಕಷ್ಟವು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ಕೆಲವು ದಶಕಗಳಿಂದ ಈ ಹಳೆಯ ಪ್ರಶ್ನೆಯು ಹೊಸ ರೂಪದಲ್ಲಿ ತಲೆದೋರಿದೆ. ಚಿತ್ರಕಾರರಿಗೂ ಶಿಲ್ಪಿಗಳಿಗೂ ಅಲ್ಪ ಬಾಡಿಗೆಯ ಮನೆಯನ್ನೋ, ಕೆಲಸಮಾಡುವ ಸ್ಥಳವನ್ನೋ ಒದಗಿಸಿ, ಅವರ ಕಲೆಯು ನೆರೆಹೊರೆಯವರಿಗೆ ಉಪಯುಕ್ತವಾಗಬೇಕೆಂದು ಅಪೇಕ್ಷಿಸುವ ಏರ್ಪಾಡುಗಳು ಅಲ್ಲಿ ನಡೆದಿವೆ. ಇವುಗಳಲ್ಲಿ ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದ 'ಪ್ರಾಜೆಕ್ಟ್ ರೋ ಹೌಸಸ್', ಎಂದರೆ ಮನೆಸಾಲು, ಬಹಳ ಪ್ರಸಿದ್ಧವಾದುದು. ಇದು ಧರ್ಮಕಾರ್ಯವು ಮಾತ್ರವೆಂದು ಹೇಳಿಸಿಕೊಂಡಿದ್ದರೆ ವಿಮರ್ಶಕನಿಗೆ ಇಲ್ಲಿ ಕೆಲಸವಿರುತ್ತಿರಲಿಲ್ಲ. ಇದರ ಪ್ರವರ್ತಕರು ಇದನ್ನೇ ಒಂದು ಕಲಾಕೃತಿಯೆಂದು ಪ್ರತಿಪಾದಿಸಿರುವುದರಿಂದ ಇದು ವಿಮರ್ಶೆಗೆ ವಿಷಯವಾಗಿದೆ.

೨

ಪ್ರಾಚೀನ ಗ್ರಂಥಗಳಲ್ಲಿ ಕಲಾಕಾರನ ವಸತಿಯ ವಿಚಾರವು ಇಲ್ಲದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದುರ್ಗನಿವೇಶವನ್ನು ಹೇಳುವಾಗ ಪ್ರಧಾನರಾದ ಕುಶಲಕರ್ಮಿಗಳಿಗೆ ಕ್ಷತ್ರಿಯರೊಡನೆ ಪೂರ್ವದಿಕ್ಕಿನಲ್ಲಿ ನೆಲೆಯನ್ನು ವಿಧಿಸುತ್ತದೆ. ನಗರದ ರಚನೆಯಲ್ಲಿಯೇ ಅವರಿಗೊಂದು ಸ್ಥಾನವು ನಿಯತವಾಗಿತ್ತೆಂಬುದು ಇದರಿಂದ ಸ್ಪಷ್ಟವು. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯು ಕಟ್ಟಿಸಿದ ದೇಗುಲದ ಶಾಸನಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದೂ ಪೆರ್ಜೆರೆಪು ಪಟ್ಟವೂ ದೊರೆತುವು. ಗಾಯಕರಿಗೆ ಹಿಂದಿನ ಅರಸನಾದ ವಿಜಯಾದಿತ್ಯನು ಕೊಟ್ಟಿದ್ದುದನ್ನು ರಾಣಿಯು ಸ್ಥಿರಪಡಿಸಿದಳು. ಬಿರುದು ಒಬ್ಬನ ಕೀರ್ತಿಗೆ. ವೃತ್ತಿಯಾದರೋ ಕಲೆಯ ಸಂತತಿಗೆ.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಇದಕ್ಕಿಂತಲೂ ವಿಚಾರಾರ್ಹವಾದ ಒಂದು ವಿಧಿಯಿದೆ. ತನ್ನ ಮನೆಯಲ್ಲಿ ತಾನೇ ಚಿತ್ರಕರ್ಮವನ್ನು ಮಾಡಕೂಡದೆಂದು ಆ ಗ್ರಂಥವು ನಿಷೇಧಿಸುತ್ತದೆ. ಈ ನಿಷೇಧದ ಕಾರಣವನ್ನು ಹಲವು ಬಗೆಯಾಗಿ ಊಹಿಸಬಹುದಾದರೂ, ಚಿತ್ರವು ಬರೆದವನ ಸ್ವಂತ ಭೋಗಕ್ಕಾಗಿ ಹುಟ್ಟಿದುದಲ್ಲ, ಪರಗೃಹಕ್ಕಾಗಿ, ಸಭೆಗಾಗಿ, ದೇವಾಲಯಕ್ಕಾಗಿ ಹುಟ್ಟಿದುದು ಎಂಬ ತಾತ್ಪರ್ಯವನ್ನು ಅದರಿಂದ ತೆಗೆಯುವುದು ಅಸಂಗತವಾಗದು. ಹಾಗಾದರೆ ಚಿತ್ರಕಾರನು ವಾಸಿಸುವ ಮನೆಗೂ ಅವನು ಚಿತ್ರಿಸುವ ಮನೆಗೂ ಇರುವ ಸಂಬಂಧವೇನು? ಹ್ಯೂಸ್ಟನ್ನಿನ ಮನೆಸಾಲು ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದು ತಿಳಿದರೆ ಅದರ ಗುಣದೋಷಗಳು ಚೆನ್ನಾಗಿ ಕಾಣುವುವು.

೩

ಆ ನಗರದ ಥರ್ಡ್ ವಾರ್ಡ್ ಎಂಬುದು ಬಹುಕಾಲದಿಂದ ಆಫ್ರಿಕನ್ ಮೂಲದ ಜನರ ಕೇರಿ. ಅಲ್ಲಿ 'ಷಾಟ್‌ಗನ್' ಮನೆಗಳೆಂದು ಕರೆಯಲ್ಪಡುವ ಚಿಕ್ಕ ಮರದ ಮನೆಗಳಿವೆ. ಅವುಗಳ ಅಗಲವು ಒಂದೇ ಕೋಣೆಯಷ್ಟು. ಕೋಣೆಗಳು ಒಂದರ ಹಿಂದೊಂದಾಗಿ ಸಾಲಾಗಿರುವುವು. ಮುಂದುಗಡೆ ಒಂದು ಜಗುಲಿಯಿರುವುದು. ಈ ಮನೆಯ ಮಾದರಿಯು ಪಶ್ಚಿಮ ಆಫ್ರಿಕದಿಂದ ಹೈಟಿ ದ್ವೀಪದ ಮಾರ್ಗವಾಗಿ ಬಂದಿತೆಂದು ಜಾನ್ ಮೈಕೇಲ್ ವ್ಲಾಕ್ ಎಂಬ ವಿದ್ವಾಂಸನು ೧೯೭೦ರ ದಶಕದಲ್ಲಿ ಪ್ರತಿಪಾದಿಸಿದನು. ದಾರಿದ್ರ್ಯದ ಗುರುತೆಂದು ಪರಿಗಣಿತವಾಗಿದ್ದ ಮನೆಯು ಪರಂಪರೆಯ ಗುರುತೆಂದು ತೋರಿತು.

ಈ ತೋರಿಕೆಯನ್ನು ವಿದ್ವಾಂಸನಿಗಿಂತ ಮುಂಚೆ ಚಿತ್ರಕಾರನು ಕಂಡಿದ್ದನು. ಜಾನ್ ಬಿಗರ್ಸ್ (೧೯೨೪–೨೦೦೧) ಎಂಬವನು ೧೯೪೯ರಲ್ಲಿ ಹ್ಯೂಸ್ಟನ್ನಿಗೆ ಬಂದು, ಮುಂದೆ ಟೆಕ್ಸಸ್ ಸದರ್ನ್ ವಿಶ್ವವಿದ್ಯಾನಿಲಯವೆಂದು ಹೆಸರಾದ ವಿದ್ಯಾಸಂಸ್ಥೆಯಲ್ಲಿ ಕಲಾಶಾಖೆಯನ್ನು ಸ್ಥಾಪಿಸಿದನು. ೧೯೬೬ರಲ್ಲಿ ಅವನು ಬರೆದ ಥರ್ಡ್ ವಾರ್ಡಿನ ಚಿತ್ರದಲ್ಲಿ ಸುಟ್ಟುಹೋದ ಪ್ರಾರ್ಥನಾಮಂದಿರದ ಮುಂದೆ ನೆರೆದ ಜನರೂ ಮನೆಗಳ ಸಾಲೂ ಇವೆ. ೧೯೮೭ರ 'ಷಾಟ್‌ಗನ್ಸ್' ಎಂಬ ಚಿತ್ರದಲ್ಲಿ ಜಗುಲಿಗಳ ಮೇಲೆ ಸ್ತ್ರೀಯರು ಕಂಬಗಳಂತೆ ನಿಂತಿರುವರು. ಮಾಳಿಗೆಯ ತ್ರಿಕೋಣಗಳು ಕೌದಿಯ ತೇಪೆಗಳಂತೆ ಒಂದರ ಹಿಂದೊಂದು ಪುನರಾವೃತ್ತವಾಗಿವೆ. ಮೊದಲನೆಯದರಲ್ಲಿ ಕರುಣವು ಪ್ರಧಾನವು. ಎರಡನೆಯದರಲ್ಲಿ ಶಾಂತಕ್ಕೆ ಸಮೀಪವಾದ ಒಂದು ಗಾಂಭೀರ್ಯವಿದೆ. ಅಲ್ಲಿ ಮನೆಯು ಆಲಂಬನವೇ ಆಗಿಬಿಟ್ಟಿದೆ.

ಬಿಗರ್ಸನ ದೃಷ್ಟಿಯಿಂದ ಪ್ರಭಾವಿತನಾದ ರಿಕ್ ಲೋ ಎಂಬ ಚಿತ್ರಕಾರನು ಮೊದಲು ಬಡವರ ಕಷ್ಟಗಳನ್ನು ಚಿತ್ರಿಸುತ್ತಿದ್ದನು. ಅವನ ಕಾರ್ಯಶಾಲೆಗೆ ಬಂದ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿಯು, ಕಷ್ಟಗಳು ಕೇರಿಯವರಿಗೆ ಮೊದಲೇ ಗೊತ್ತು, ಅವನ್ನು ತೋರಿಸುವುದರಿಂದೇನು, ಕಲಾವಿದನಿಗೆ ಪರಿಹಾರವನ್ನೇಕೆ ಸೃಷ್ಟಿಸಲಾಗದು ಎಂದು ಕೇಳಿದನೆಂಬುದು ಲೋ ಹಲವು ಸಲ ಹೇಳಿರುವ ವೃತ್ತಾಂತವು. ೧೯೯೩ರಲ್ಲಿ ಅವನೂ ಜೇಮ್ಸ್ ಬೆಟಿಸನ್, ಬರ್ಟ್ ಲಾಂಗ್, ಜೆಸ್ಸಿ ಲಾಟ್, ಫ್ಲಾಯ್ಡ್ ನ್ಯೂಸಮ್, ಬರ್ಟ್ ಸ್ಯಾಂಪಲ್ಸ್, ಜಾರ್ಜ್ ಸ್ಮಿತ್ ಎಂಬವರೂ ಸೇರಿ, ಪಾಳುಬಿದ್ದಿದ್ದ ೨೨ ಷಾಟ್‌ಗನ್ ಮನೆಗಳನ್ನು ಕೈಕೊಂಡು ಜೀರ್ಣೋದ್ಧಾರ ಮಾಡತೊಡಗಿದರು. ಕೆಲವು ಮನೆಗಳು ಕಲಾವಿದರಿಗೆ ಮೀಸಲಾದುವು. ಅವರು ಗೊತ್ತಾದ ಅವಧಿಯವರೆಗೆ ಆ ಮನೆಯನ್ನು ಪಡೆದು ಅದರೊಳಗೆ ತಮ್ಮ ಕೃತಿಯನ್ನು ರಚಿಸಿ ಕೇರಿಗೆ ತೆರೆದಿಡುವರು. ಅದೇ ಸಾಲಿನ ಬೇರೆ ಮನೆಗಳು, ಮಕ್ಕಳನ್ನು ಒಬ್ಬರೇ ಸಾಕುತ್ತ ಓದನ್ನು ಮುಂದುವರಿಸಬೇಕಾದ ತರುಣ ತಾಯಂದಿರ ವಾಸಕ್ಕೆ ಮೀಸಲಾದುವು. ೨೦೦೩ರಲ್ಲಿ ಅಲ್ಪ ಬಾಡಿಗೆಯ ಮನೆಗಳನ್ನು ಕಟ್ಟಿಸುವುದಕ್ಕಾಗಿ ಪ್ರತ್ಯೇಕ ಸಂಸ್ಥೆಯೊಂದು ಹುಟ್ಟಿತು.

೪

ಇಲ್ಲಿ ಪೂರ್ವಪಕ್ಷವು ಹೀಗೆ ಹೊರಡಬಹುದು. ಮನೆಯನ್ನು ದುರಸ್ತಿಮಾಡಿ ಬಡವರಿಗೆ ಕೊಡುವುದು ಪುಣ್ಯಕಾರ್ಯವು, ಅದನ್ನು ಕಲೆಯೆನ್ನುವುದೇಕೆ? ಸೋರದ ಮಾಡನ್ನು ಹೊದಿಸಿದವನು ಒಳ್ಳೆಯ ಬಡಗಿಯೆನಿಸುವನಲ್ಲದೆ ಒಳ್ಳೆಯ ಚಿತ್ರಕಾರನೆನಿಸುವನೆ? ಎಲ್ಲವೂ ಕಲೆಯಾದರೆ ಕಲೆಯೆಂಬ ಶಬ್ದಕ್ಕೆ ವ್ಯಾವರ್ತಕವಾದ ಅರ್ಥವೇ ಉಳಿಯದು. ಇದಕ್ಕೆ ಲೋ ಜರ್ಮನಿಯ ಯೋಸೆಫ್ ಬಾಯ್ಸ್ (೧೯೨೧–೧೯೮೬) ಎಂಬವನ 'ಸಾಮಾಜಿಕ ಶಿಲ್ಪ'ವೆಂಬ ಮತವನ್ನು ಆಶ್ರಯಿಸುವನು. ಸಮಾಜವೇ ಶಿಲ್ಪದ ಕಲ್ಲು, ಅದನ್ನು ರೂಪಿಸುವ ಪ್ರತಿಯೊಬ್ಬನೂ ಶಿಲ್ಪಿ ಎಂಬುದು ಆ ಮತದ ಸಾರವು. ಇದು ರೂಪಕವಾಗಿ ರಮ್ಯವಾದರೂ ಲಕ್ಷಣವಾಗಿ ಅತಿವ್ಯಾಪ್ತಿದೋಷದಿಂದ ಕೂಡಿದೆ. ಪೂರ್ವಪಕ್ಷಕ್ಕೆ ಇದರಿಂದ ಸಮಾಧಾನವಾಗದು.

ಸಮಾಧಾನವನ್ನು ಬೇರೆ ಕಡೆಯಿಂದ ಹೇಳಬೇಕು. ಮಮ್ಮಟನು ಕಾವ್ಯಪ್ರಯೋಜನಗಳಲ್ಲಿ ಅಮಂಗಲದ ನಾಶವನ್ನು ಎಣಿಸಿದ್ದರೂ ಸದ್ಯಃಪರನಿರ್ವೃತಿಯನ್ನೇ ಎಲ್ಲ ಪ್ರಯೋಜನಗಳ ಮೌಲಿಯೆಂದು ನಿರ್ಣಯಿಸಿರುವನು. ಸೇವೆಯು ಮೊದಲನೆಯದರಲ್ಲಿ ಸೇರುವುದು. ಅದು ಎರಡನೆಯದರ ಸ್ಥಾನವನ್ನು ಆಕ್ರಮಿಸಿದಾಗ ಕಲೆಯು ಕೆಡುವುದು, ಅದಕ್ಕೆ ಅಂಗವಾಗಿದ್ದಾಗ ಕಲೆಯು ಬೆಳೆಯುವುದು. ಹ್ಯೂಸ್ಟನ್ನಿನ ಸಾಲನ್ನು ಈ ದೃಷ್ಟಿಯಿಂದ ನೋಡಿದರೆ ಅದರ ನಿಜವಾದ ಕಲಾಂಶವು ಮನೆಗಳನ್ನು ರಿಪೇರಿಮಾಡಿದುದರಲ್ಲಿಲ್ಲ. ಅವುಗಳನ್ನು ಹೊಂದಿಸಿದ ಕ್ರಮದಲ್ಲಿದೆ. ಬಿಗರ್ಸನ ಚಿತ್ರದಲ್ಲಿ ಜಗುಲಿಯ ಪಕ್ಕದಲ್ಲಿ ಜಗುಲಿಯು ಹೇಗೋ ಹಾಗೆಯೇ ಇಲ್ಲಿ ತಾಯಿಯ ಮನೆಯ ಪಕ್ಕದಲ್ಲಿ ಚಿತ್ರಕಾರನ ಮನೆಯಿದೆ. ಎರಡೂ ಒಂದೇ ಅಳತೆ, ಒಂದೇ ಆಕಾರ. ಚಿತ್ರಕಾರನಿಗೆ ಎತ್ತರದ ಪೀಠವಿಲ್ಲ. ನೋಡುವವಳಿಗೆ ಟಿಕೆಟ್ಟಿನ ಬಾಗಿಲಿಲ್ಲ. ಚಿತ್ರವನ್ನು ನೋಡುವುದಕ್ಕೆ ನೆರೆಯವಳು ಒಂದು ಜಗುಲಿಯಿಂದ ಇಳಿದು ಇನ್ನೊಂದನ್ನು ಹತ್ತಿದರೆ ಸಾಕು. ಚಿತ್ರದಲ್ಲಿ ಕಂಡ ಲಯವು ನೆಲದ ಮೇಲೆ ಸಿದ್ಧಿಸಿದೆ. ಇದು ವಸ್ತುವಿನಿಂದಲ್ಲದೆ ರಚನೆಯಿಂದ ಹುಟ್ಟಿದ ಗುಣವು.

ಚಿತ್ರಸೂತ್ರವು ಪ್ರೇಕ್ಷಕರ ಭೇದವನ್ನು ಹೇಳುವಾಗ, ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ, ಸ್ತ್ರೀಯರು ಭೂಷಣವನ್ನೂ, ಇತರರು ವರ್ಣಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳಿ, ಎಲ್ಲರ ಚಿತ್ತವನ್ನೂ ಸೆಳೆಯುವಂತೆ ಚಿತ್ರಕಾರನು ಯತ್ನಿಸಬೇಕೆಂದು ಉಪದೇಶಿಸುತ್ತದೆ. ಆ ವಿಭಾಗವನ್ನು ಇಂದು ಅಕ್ಷರಶಃ ಒಪ್ಪಬೇಕಾಗಿಲ್ಲ; ಉಪದೇಶವು ಮಾತ್ರ ಗ್ರಾಹ್ಯವು. 'ಸಮಾಜಸೇವೆ' ಎಂಬ ಹೊಸ ಪದಕ್ಕೆ ಕಲೆಯಲ್ಲಿ ಸಲ್ಲುವ ಅರ್ಥವು ಇದೇ. ಚಿತ್ರಕಾರನು ನೆರೆಯವರ ಮಕ್ಕಳಿಗೆ ಪಾಠ ಹೇಳಲಿ, ಹೇಳದಿರಲಿ. ನೆರೆಯವರ ಕಣ್ಣನ್ನು ಆಚಾರ್ಯರ ಕಣ್ಣಿಗೆ ಸಮಾನವಾಗಿ ಎಣಿಸಿ ಬರೆದನಾದರೆ ಅವನ ವೃತ್ತಿಯು ಸಾರ್ಥಕವು.

೫

ಬೇರೆ ಎರಡು ಏರ್ಪಾಡುಗಳೊಡನೆ ಹೋಲಿಸಿದರೆ ಈ ನಿರ್ಣಯವು ದೃಢವಾಗುವುದು. ನ್ಯೂಯಾರ್ಕಿನ 'ವೆಸ್ಟ್‌ಬೆತ್' ಎಂಬುದು ೧೯೭೦ರಲ್ಲಿ ತೆರೆಯಿತು. ಟೆಲಿಫೋನ್ ಕಂಪೆನಿಯೊಂದರ ಪ್ರಯೋಗಶಾಲೆಯಾಗಿದ್ದ ಕಟ್ಟಡಗಳನ್ನು ರಿಚರ್ಡ್ ಮೈಯರ್ ಎಂಬ ವಾಸ್ತುಶಿಲ್ಪಿಯು ಮಾರ್ಪಡಿಸಿ, ಕಲಾವಿದರು ವಾಸಿಸುವುದಕ್ಕೂ ಕೆಲಸಮಾಡುವುದಕ್ಕೂ ಅನುಕೂಲವಾದ ಸುಮಾರು ೩೮೦ ಮನೆಗಳನ್ನು ಮಾಡಿದನು. ಅಲ್ಲಿ ಪ್ರವೇಶಿಸುವುದಕ್ಕೆ ಕಲಾವಿದನಾಗಿರುವುದೂ ಆದಾಯವು ಮಿತವಾಗಿರುವುದೂ ಮುಖ್ಯವು. ನೆರೆಯವರ ಸೇವೆಯ ನಿಬಂಧನೆಯು ಮುಖ್ಯವಲ್ಲ. ಇದರಿಂದ ಅನೇಕ ಪ್ರತಿಭಾವಂತರು ಬದುಕಿದರೆಂಬುದು ನಿರ್ವಿವಾದವು. ಆದರೆ ಒಳಗೆ ಬಂದವರು ಬಹುಮಟ್ಟಿಗೆ ಅಲ್ಲಿಯೇ ವೃದ್ಧರಾದರು. ಹೊರಗಿನವರು ವರ್ಷಗಟ್ಟಲೆ ಸರದಿ ಕಾಯುವಂತಾಯಿತು. ಇದು ಉಂಬಳಿಯಂತೆ ಜೀವಾವಧಿಯಾಗಿ ಪರಿಣಮಿಸಿದ ವಸತಿಯು. ಪಡೆದವನ ಮಟ್ಟಿಗೆ ಗುಣವೇ. ಮುಂದಿನ ತಲೆಮಾರಿನ ಮಟ್ಟಿಗೆ ತಡೆಯು.

ಚಿಕಾಗೊ ನಗರದ ದಕ್ಷಿಣಭಾಗದಲ್ಲಿ ೨೦೧೪ರಲ್ಲಿ ಮತ್ತೆ ತೆರೆದ 'ಡಾರ್ಚೆಸ್ಟರ್' ಮನೆಗಳು ಇನ್ನೊಂದು ಬಗೆಯವು. ಪಾಳುಬಿದ್ದಿದ್ದ ಸಾರ್ವಜನಿಕ ವಸತಿಯನ್ನು ಥಿಯಾಸ್ಟರ್ ಗೇಟ್ಸ್ ಎಂಬ ಕಲಾವಿದನ ಸಂಸ್ಥೆಯು ಇತರರೊಡನೆ ಸೇರಿ ೩೨ ಮನೆಗಳಾಗಿ ಪುನರುದ್ಧಾರ ಮಾಡಿಸಿತು. ಅಲ್ಲಿ ಕಲಾವಿದರೂ ಕಲಾವಿದರಲ್ಲದ ಬಡ ಸಂಸಾರಗಳೂ ಮಧ್ಯಮವರ್ಗದವರೂ ಮಿಶ್ರವಾಗಿ ಇರುವಂತೆ ಏರ್ಪಡಿಸಿ, ನಡುವೆ ಎಲ್ಲರಿಗೂ ಸಾಮಾನ್ಯವಾದ ಒಂದು ಕಲಾಮಂದಿರವನ್ನು ಇಟ್ಟಿರುವರು. ಇಲ್ಲಿ ವಾಸವು ಸ್ಥಿರವು, ಸಂಬಂಧವು ನಿತ್ಯವು. ಆದರೆ ಕಲೆಯು ಜಗುಲಿಯಿಂದ ಮಂದಿರಕ್ಕೆ ಸರಿದಿದೆ. ಹ್ಯೂಸ್ಟನ್ನಿನಲ್ಲಿ ಅವಧಿಯು ಅಲ್ಪವಾದರೂ ಕಲೆಯು ಮನೆಯೊಳಗೇ ಇದೆ. ಒಂದರ ಗುಣವು ಇನ್ನೊಂದರ ಕೊರತೆಯನ್ನು ಬೆರಳಿಟ್ಟು ತೋರಿಸುತ್ತದೆ.

೬

ಹ್ಯೂಸ್ಟನ್ನಿನ ಸಾಲಿನಲ್ಲಿ ದೋಷವಿಲ್ಲವೆಂದು ಹೇಳುವಂತಿಲ್ಲ. ಲೋ ೨೦೧೪ರಲ್ಲಿ ಮ್ಯಾಕ್‌ಆರ್ಥರ್ ಪುರಸ್ಕಾರವನ್ನು ಪಡೆದನು. ಸಾಲಿನ ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು. ಈ ನಡುವೆ ನಗರದ ಮಧ್ಯಭಾಗಕ್ಕೆ ಸಮೀಪವಾದ ಥರ್ಡ್ ವಾರ್ಡಿನ ನೆಲಕ್ಕೆ ಬೆಲೆ ಏರಿ, ಹಳೆಯ ಮನೆಗಳಿದ್ದ ಕಡೆ ಹಣವಂತರ ಎತ್ತರದ ಮನೆಗಳು ಎದ್ದುವು. ಇದಕ್ಕೆ ಕಲಾವಿದರೇ ಕಾರಣರೆಂದು ಹೇಳುವುದು ಅನ್ಯಾಯವು. ಆದರೂ ಪಾಳುಕೇರಿಯನ್ನು ರಮಣೀಯವನ್ನಾಗಿ ಮಾಡಿದ ಕಲೆಯೇ ಅಲ್ಲಿನ ಬಡವರಿಗೆ ಬಾಡಿಗೆಯ ಭಾರವನ್ನು ಹೆಚ್ಚಿಸುವ ಸಂಭವವುಂಟೆಂಬುದನ್ನು ಮರೆಯಬಾರದು. ತಾಯಂದಿರ ಮನೆಗಳನ್ನೂ ಅಲ್ಪ ಬಾಡಿಗೆಯ ಮನೆಗಳನ್ನೂ ಕಲಾವಿದರ ಮನೆಗಳೊಡನೆ ಒಟ್ಟಿಗೆ ಇಟ್ಟುದರಲ್ಲಿಯೇ ಪ್ರವರ್ತಕರ ವಿವೇಕವಿದೆ. ಪ್ರೇಕ್ಷಕರು ಕೇರಿಯನ್ನು ಬಿಟ್ಟು ಹೋದರೆ ಚಿತ್ರವು ಯಾರಿಗಾಗಿ ಉಳಿಯುವುದು?

ವೃತ್ತಿಯಲ್ಲಿ ಕೊಡುವವನು, ಪಡೆಯುವವನು, ಸೇವೆಯನ್ನು ಅನುಭವಿಸುವವನು ಎಂದು ಮೂವರಿರುವರು. ದಾನದಲ್ಲಿಯೂ ವೇತನದಲ್ಲಿಯೂ ಮೂರನೆಯವನನ್ನು ಗಣಿಸದಿದ್ದರೂ ನಡೆಯುವುದು, ವೃತ್ತಿಯಲ್ಲಿ ನಡೆಯದು. ಕಲಾವಿದರಿಗೆ ವಸತಿಯನ್ನು ಕಲ್ಪಿಸುವವರು ಎಷ್ಟು ಚದರಡಿ, ಎಷ್ಟು ಬಾಡಿಗೆ, ಎಷ್ಟು ತಿಂಗಳು ಎಂದು ಲೆಕ್ಕಹಾಕುವುದರ ಜೊತೆಗೆ, ಪಕ್ಕದ ಮನೆಯವಳು ಇನ್ನೂ ಪಕ್ಕದ ಮನೆಯಲ್ಲಿಯೇ ಇರುವಳೆ ಎಂಬುದನ್ನೂ ಕೇಳಿಕೊಳ್ಳಬೇಕು. ವಿಮರ್ಶಕರೂ ಕೃತಿಯನ್ನು ಅದರ ಪುಣ್ಯದಿಂದ ಅಳೆಯದೆ, ಅದರ ರಚನೆಯಿಂದಲೂ ಅದು ಗಳಿಸಿದ ಕಣ್ಣುಗಳಿಂದಲೂ ಅಳೆಯಬೇಕು. ಈ ಎರಡು ಅಳತೆಗಳಿಂದಲೂ ಹ್ಯೂಸ್ಟನ್ನಿನ ಮನೆಸಾಲು ಗೌರವಕ್ಕೆ ಪಾತ್ರವಾದ ಕೃತಿಯು. ಅದರ ಬಾಳಿಕೆಯು ಮಾತ್ರ ಗೋಡೆಗಳ ಮೇಲಿನ ಚಿತ್ರಗಳಿಗಿಂತ ಜಗುಲಿಯ ಮೇಲೆ ಕುಳಿತವರನ್ನು ಹೆಚ್ಚಾಗಿ ಅವಲಂಬಿಸಿದೆ.